ಬಿಸಿಯಾದ ಮಸ್ಟ್ಯಾಂಗ್ ಮತ್ತೆ ಸ್ಟಾರ್ಟ್ ಆಗದಿದ್ದರೆ ಮೊದಲು ನೋಡಬೇಕಾದ್ದೇನು?

ಪ್ರಶ್ನೆ: ನಮಸ್ಕಾರ ಸಾರ್. ನನ್ನೂರು ಚಿಕ್ಕಮಗಳೂರು ಕಡೆ, ಈಗ ಇರುವುದು ಅಮೆರಿಕದ ಫೀನಿಕ್ಸ್‌ನಲ್ಲಿ. ಎರಡು ವರ್ಷದ ಹಿಂದೆ 1966ರ ಫೋರ್ಡ್ ಮಸ್ಟ್ಯಾಂಗ್ ತಗೊಂಡೆ. 289 ಘನ ಇಂಚಿನ ವಿ-8 ಎಂಜಿನ್, ಎರಡು ಬ್ಯಾರಲ್ ಕಾರ್ಬುರೇಟರ್, ಆಟೊಮ್ಯಾಟಿಕ್ ಗೇರ್. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತದೆ. ಮುಕ್ಕಾಲು ಗಂಟೆ ಓಡಿಸಿ, ಪೆಟ್ರೋಲ್ ಹಾಕಿಸಲು ಹತ್ತು ನಿಮಿಷ ನಿಲ್ಲಿಸಿದರೆ ಮುಗಿಯಿತು. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಆಕ್ಸಿಲರೇಟರ್ ತುಳಿದು ತುಳಿದು ಸಾಕಾಗಿ, ಮುಕ್ಕಾಲು ಗಂಟೆ ಕಾದ ಮೇಲೆ ಕಪ್ಪು ಹೊಗೆ ಬಿಟ್ಟು ಸ್ಟಾರ್ಟ್ ಆಗುತ್ತದೆ. ಟೆಂಪರೇಚರ್ ಮುಳ್ಳು ಯಾವಾಗಲೂ ಮೇಲೆಯೇ ಇರುತ್ತದೆ. ಟ್ಯಾಂಕ್ ತುಂಬಿಸಿದರೆ ಪೆಟ್ರೋಲ್ ಮುಳ್ಳೂ ಫುಲ್ ಗುರುತು ದಾಟಿ ನಿಲ್ಲುತ್ತದೆ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಪೆಟ್ರೋಲ್ ಪೈಪಿಗೆ ಬಟ್ಟೆ ಒಣಗಿಸುವ ಮರದ ಕ್ಲಿಪ್ ಸಿಕ್ಕಿಸಿ ಎಂದು ಒಬ್ಬರು, ಸೆಲ್ಫ್ ಮೋಟರಿಗೆ ಶಾಖ ತಡೆಯುವ ಹೊದಿಕೆ ಹಾಕಿ ಎಂದು ಇನ್ನೊಬ್ಬರು ಹೇಳಿದರು. ಇಲ್ಲಿನ ಒಂದು ಗ್ಯಾರೇಜಿನವರು ಎಂಜಿನ್ನೇ ಸವೆದಿದೆ, ಬಿಚ್ಚಿ ಕಟ್ಟಬೇಕು, ಇಲ್ಲವೇ ಫ್ಯುಯೆಲ್ ಇಂಜೆಕ್ಷನ್ ಹಾಕಿಸಿ ಎಂದರು. ಓವರ್‌ಹೀಟ್ ಇರಬಹುದೆಂದು ‘1966ರ 289ಕ್ಕೆ’ ಎಂದು ಬರೆದಿದ್ದ ವಾಟರ್ ಪಂಪ್ ತರಿಸಿದೆ, ಅದೂ ಕೂರಲಿಲ್ಲ. ಊರಲ್ಲಿ ನಮ್ಮ ಮಾವನ ಹತ್ತಿರ ಒಂದು ಪ್ಲಿಮತ್ ಇತ್ತು. ಘಾಟಿ ಹತ್ತಿ ನಿಂತಾಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಅದೂ ಇಂಥದ್ದೇ ತೊಂದರೆಯೇ? ನಾನು ಎಲ್ಲಿಂದ ಶುರುಮಾಡಲಿ?

ಉತ್ತರ: ನೀವು ಒಂದೇ ಕಾಯಿಲೆ ಎಂದುಕೊಂಡು ಬರೆದಿದ್ದೀರಿ. ನನಗೆ ಕಾಣುತ್ತಿರುವುದು ಮೂರು ಬೇರೆ ಬೇರೆ ವಿಷಯ: ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದು, ಮುಳ್ಳು ಮೇಲಿರುವುದು, ಪಂಪ್ ಕೂರದಿರುವುದು. ಇವನ್ನು ಒಟ್ಟಿಗೆ ಗಂಟು ಹಾಕಿದ್ದರಿಂದಲೇ ‘ಎಂಜಿನ್ ಓವರ್‌ಹೀಟ್ ಆಗಿ ಸವೆದಿದೆ’ ಎಂಬ ಕಥೆ ಹುಟ್ಟಿದೆ. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಹಿಡಿಯುವ ಎಂಜಿನ್ನಿಗೆ ಕಂಪ್ರೆಷನ್ ಇಲ್ಲ ಎಂದು ನಾನು ಸುಲಭಕ್ಕೆ ನಂಬುವುದಿಲ್ಲ. ಸವೆದ ಎಂಜಿನ್ ಹಟ ಮಾಡುವುದು ತಣ್ಣಗಿದ್ದಾಗಲೇ ಹೆಚ್ಚು. ಎಂಟು ಸಿಲಿಂಡರಿನ ಕಂಪ್ರೆಷನ್ ಅಳೆದು ಕಾಗದದಲ್ಲಿ ಬರೆದುಕೊಡಿ ಎಂದು ಆ ಗ್ಯಾರೇಜಿನವರನ್ನು ಕೇಳಿ. ಅಳೆಯದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಹಳೇ ಅಮೆರಿಕನ್ ಕಾರುಗಳ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುವ ದುಡ್ಡಿನ ಸೋರಿಕೆ ಒಂದೇ. ಗಾಡಿ ನಿಂತಾಗ ಯಾರೂ ಬಾನೆಟ್ ಎತ್ತಿ ಪರೀಕ್ಷೆ ಮಾಡುವುದಿಲ್ಲ. ತಣ್ಣಗಾದ ಮೇಲೆ ಮನೆಗೆ ತಂದು, ಅಂದಾಜಿನ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋಗುತ್ತಾರೆ. ನಿಮ್ಮ ಕಾಯಿಲ್ ಹಾಗೆ ಬಂದದ್ದು. ತಣ್ಣಗಾದ ಕಾರು ಏನನ್ನೂ ಹೇಳುವುದಿಲ್ಲ. ಹೇಳುವುದು ಆ ಹಟ ಹಿಡಿದ ಐದು ನಿಮಿಷದಲ್ಲಿ ಮಾತ್ರ. ಆದ್ದರಿಂದ ಮುಂದಿನ ಸಲ ಕಾರು ಹೊರತೆಗೆಯುವಾಗ ಡಿಕ್ಕಿಯಲ್ಲಿ ಟಾರ್ಚ್, ಕಿಡಿ ನೋಡುವ ಸ್ಪಾರ್ಕ್ ಟೆಸ್ಟರ್, ಒಂದು ಮಲ್ಟಿಮೀಟರ್ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ. ಕೊನೆಯದು ಅಲಂಕಾರಕ್ಕಲ್ಲ, ಕಾರ್ಬುರೇಟರ್ ಗಾಡಿಯಲ್ಲಿ ಅದು ಇರಲೇಬೇಕು.

ಪೆಟ್ರೋಲ್ ಬಂಕಿನ ಪಂಪಿನ ಪಕ್ಕದಲ್ಲೇ ಬಾನೆಟ್ ಎತ್ತಬೇಡಿ. ಮನೆ ಮುಂದೆ ಅಥವಾ ಖಾಲಿ ಜಾಗದಲ್ಲಿ ಬೇಕೆಂದೇ ಹತ್ತು ನಿಮಿಷ ನಿಲ್ಲಿಸಿ, ಕಾಯಿಲೆ ಬರಿಸಿ. ಕೀ ಮುಟ್ಟುವ ಮೊದಲೇ, ಆಕ್ಸಿಲರೇಟರ್ ತುಳಿಯುವ ಮೊದಲೇ, ಏರ್ ಕ್ಲೀನರ್ ತೆಗೆದು ಕಾರ್ಬುರೇಟರ್ ಗಂಟಲಿಗೆ ಟಾರ್ಚ್ ಬಿಡಿ. ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆಯೇ, ಗೋಡೆ ಒದ್ದೆಯಾಗಿದೆಯೇ, ಘಾಟು ಮೂಗಿಗೆ ಹೊಡೆಯುತ್ತದೆಯೇ ನೋಡಿ. ಒದ್ದೆಯಿದ್ದರೆ ಅದು ಓವರ್‌ಫ್ಲೋ. ಒಳಗೆ ಒಣಗಿದ್ದರೆ ಥ್ರಾಟಲ್ ಲಿವರನ್ನು ಕೈಯಿಂದ ಒಮ್ಮೆ ತಳ್ಳಿ. ಎರಡು ಸಣ್ಣ ಪಿಚಕಾರಿ ಹಾರಬೇಕು. ಹಾರದಿದ್ದರೆ ಬೌಲ್, ಅಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಖಾಲಿ ಎಂದರ್ಥ, ಪೆಟ್ರೋಲ್ ಬರುತ್ತಿಲ್ಲ. ಎರಡೂ ಸರಿಯಿದ್ದರೆ ಒಂದು ಪ್ಲಗ್ ವೈರಿಗೆ ಟೆಸ್ಟರ್ ಸಿಕ್ಕಿಸಿ, ಸೆಲ್ಫ್ ಹೊಡೆಸಿ ಕಿಡಿ ನೋಡಿ. ಸೆಲ್ಫ್ ಹೊಡೆಯುವಾಗ ಮುಖವನ್ನು ಕಾರ್ಬುರೇಟರ್ ಮೇಲೆ ಬಾಗಿಸಬೇಡಿ. ಬ್ಯಾಕ್‌ಫೈರ್ ಆದರೆ ಹುಬ್ಬು ಮೀಸೆ ಉಳಿಯುವುದಿಲ್ಲ.

ಇಷ್ಟು ಮಾಡಿದರೆ ನಿಮ್ಮ ಅರ್ಧ ಪತ್ರಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ. ಆದರೂ ಒಂದು ಸುಳಿವನ್ನು ನೀವೇ ಬರೆದಿದ್ದೀರಿ: ಕಪ್ಪು ಹೊಗೆ. ಪೆಟ್ರೋಲ್ ಸಾಲದೆ ನಿಂತ ಎಂಜಿನ್ ಕಪ್ಪು ಹೊಗೆ ಬಿಡುವುದಿಲ್ಲ. ಪೆಟ್ರೋಲ್ ಹೆಚ್ಚಾಗಿ, ಪ್ಲಗ್ಗುಗಳು ನೆಂದು, ಒಣಗಲು ಕಾದ ಎಂಜಿನ್ ಬಿಡುತ್ತದೆ. ಹಾಗಾಗಿ ಇಂಥದ್ದಕ್ಕೆಲ್ಲ ಜನ ‘ವೇಪರ್ ಲಾಕ್, ವೇಪರ್ ಲಾಕ್’ (ಪೈಪಿನಲ್ಲಿ ಆವಿ ತುಂಬಿ ಪೆಟ್ರೋಲ್ ಬಾರದಿರುವುದು) ಎನ್ನುತ್ತಿದ್ದರೂ ನಿಮ್ಮದು ಬಹುಪಾಲು ಅದರ ತದ್ವಿರುದ್ಧದ ತೊಂದರೆ.

ಇದೇಕೆ ಆಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ ಓಡುವಾಗ ಫ್ಯಾನ್ ಗಾಳಿ ಇದೆ, ನೀರು ಸುತ್ತುತ್ತಿದೆ, ತಣ್ಣನೆಯ ಪೆಟ್ರೋಲ್ ಕಾರ್ಬುರೇಟರಿಗೆ ಬರುತ್ತಲೇ ಇದೆ. ಕೀ ತೆಗೆದ ಕ್ಷಣ ಈ ಮೂರೂ ನಿಲ್ಲುತ್ತವೆ. ಆದರೆ ಎರಕದ ಕಬ್ಬಿಣದ ಅಷ್ಟು ದೊಡ್ಡ ಮುದ್ದೆಯಲ್ಲಿ ತುಂಬಿದ ಶಾಖ ಎಲ್ಲಿಗೂ ಹೋಗುವುದಿಲ್ಲ. ಮೇಲೇರಿ ಕಾರ್ಬುರೇಟರಿಗೆ ಹತ್ತುತ್ತದೆ. ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷ ಕಾರ್ಬುರೇಟರ್ ಬಿಸಿಯಾಗುತ್ತಲೇ ಹೋಗುತ್ತದೆ. ಪೆಟ್ರೋಲಿನಲ್ಲಿ ಹಗುರವಾದ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯಲು ಶುರುವಾಗುತ್ತವೆ. ಫೀನಿಕ್ಸ್‌ನ ಬೇಸಿಗೆಯಲ್ಲಿ ನೆರಳಲ್ಲೇ ಅಷ್ಟು ಇರುತ್ತದೆ. ಬೌಲಿನಲ್ಲಿದ್ದ ಪೆಟ್ರೋಲ್, ಒಲೆಯ ಮೇಲಿನ ಹಾಲಿನಂತೆ ಉಕ್ಕಿ, ಜೆಟ್ಟುಗಳ ದಾರಿಯಲ್ಲಿ ಮೇಲೆ ಬಂದು ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ನೀವು ಬಂದು ಆಕ್ಸಿಲರೇಟರ್ ಪಂಪ್ ಮಾಡಿದಾಗಲೆಲ್ಲ ಅದರ ಮೇಲೆ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತದೆ. ಹಾಗಾಗಿ ತುಳಿದು ತುಳಿದು ಸಾಕಾಯಿತು ಎಂದಿರಲ್ಲ, ಆ ತುಳಿತವೇ ಕಾಯುವ ಹೊತ್ತನ್ನು ಬೆಳೆಸಿದೆ.

ಒದ್ದೆ ಕಂಡರೆ ಮಾಡಬೇಕಾದ್ದು ಸರಳ. ಆಕ್ಸಿಲರೇಟರನ್ನು ನೆಲದವರೆಗೆ ಒಮ್ಮೆ ಒತ್ತಿ, ಅಲ್ಲೇ ಹಿಡಿದು, ಬಿಡದೆ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಸಾಕು. ನಡುವೆ ಸೆಲ್ಫ್ ಮೋಟರಿಗೆ ವಿರಾಮ ಕೊಡಿ. ಥ್ರಾಟಲ್ ಪೂರ್ತಿ ತೆರೆದಿದ್ದರೆ ಗಾಳಿ ನುಗ್ಗಿ ಒಳಗಿನ ಹೆಚ್ಚುವರಿ ಪೆಟ್ರೋಲನ್ನು ಎಳೆದುಹಾಕುತ್ತದೆ. ಎಂಜಿನ್ ಹಿಡಿದ ತಕ್ಷಣ ಕಾಲು ಸಡಿಲಿಸಿ. ಇದರಿಂದ ಒಂದೆರಡು ನಿಮಿಷದಲ್ಲಿ ಸ್ಟಾರ್ಟ್ ಆಯಿತೆಂದರೆ ರೋಗ ಯಾವುದು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಕೆಲವರು ಎಲ್ಲಕ್ಕೂ ಎಥನಾಲ್ ಕಾರಣ ಎನ್ನುತ್ತಾರೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇವತ್ತು ಅಮೆರಿಕದ ಬಂಕುಗಳಲ್ಲಿ ಸಿಗುವ ಬಹುತೇಕ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇದೆ, ಅದು ಆವಿಯಾಗುವ ಗುಣವನ್ನು ಹೆಚ್ಚಿಸುತ್ತದೆ. ಅದಕ್ಕಿಂತ ದೊಡ್ಡ ಮಾತು, ಈಗಿನ ಪೆಟ್ರೋಲ್ ತಯಾರಾಗುವುದು ಒತ್ತಡದಲ್ಲಿ ಮುಚ್ಚಿದ ಇಂಜೆಕ್ಷನ್ ವ್ಯವಸ್ಥೆಗೆ. ಗಾಳಿಗೆ ತೆರೆದ ಬೌಲ್ ಇರುವ ಕಾರ್ಬುರೇಟರಿಗೆ ಅಲ್ಲ. ಚಳಿಗಾಲದ ಪೆಟ್ರೋಲ್ ಬೇಗ ಆವಿಯಾಗುವಂತೆ ಮಿಶ್ರಣವಾಗಿರುತ್ತದೆ. ಆದ್ದರಿಂದ ನಡುಬೇಸಿಗೆಗಿಂತ ಚಳಿಗಾಲದ ಪೆಟ್ರೋಲ್ ಟ್ಯಾಂಕಿನಲ್ಲಿರುವಾಗಲೇ ಬಂದ ಒಂದು ಬಿಸಿ ದಿನ ಹೆಚ್ಚು ಕಾಡುವುದುಂಟು. ಎಥನಾಲಿನ ನಿಜವಾದ ಅಪಾಯ ಬೇರೆ ಕಡೆ ಇದೆ. ಹಳೇ ರಬ್ಬರ್ ಹೋಸುಗಳನ್ನೂ ಡಯಾಫ್ರಮ್‌ಗಳನ್ನೂ ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುವ ಹೋಸ್ ಎಂದರೆ ಬೆಂಕಿ. ನಿಮ್ಮ ಕಾರಿನ ಹೋಸುಗಳ ಮೇಲೆ ಎಸ್‌ಎಇ ಜೆ30ಆರ್9 ಎಂಬ ಗುರುತು ಇಲ್ಲದಿದ್ದರೆ ಬೇರೆ ಯಾವ ಕೆಲಸಕ್ಕೂ ಮೊದಲು ಅವನ್ನು ಬದಲಿಸಿ. ಟ್ಯಾಂಕಿನ ಹತ್ತಿರದ ಗಿಡ್ಡ ಹೋಸನ್ನು ಎಲ್ಲರೂ ಮರೆಯುತ್ತಾರೆ, ಅದನ್ನೂ ಸೇರಿಸಿ.

ಮರದ ಕ್ಲಿಪ್ಪಿನ ಮಾತಿಗೆ ಬರೋಣ. ಅಮೆರಿಕದಲ್ಲಿ ಇದು ತಲೆಮಾರುಗಳಿಂದ ನಡೆದುಬಂದ ನಂಬಿಕೆ. ಮರ ಶಾಖವನ್ನು ಎಳೆದು ಹೊರಗೆ ಬಿಡುವ ವಸ್ತುವಲ್ಲ. ಕ್ಲಿಪ್ ಸಿಕ್ಕಿಸಲು ಬಾನೆಟ್ ತೆರೆದು ಹತ್ತು ನಿಮಿಷ ನಿಂತಿರಲ್ಲ, ಕೆಲಸ ಮಾಡಿದ್ದು ಅದು. ನಿಮ್ಮ ಮಾವನವರ ಒದ್ದೆ ಬಟ್ಟೆ ಹಾಗಲ್ಲ, ಅದರಲ್ಲಿ ನಿಜವಾದ ವಿಜ್ಞಾನ ಇದೆ. ನೀರು ಆವಿಯಾಗುವಾಗ ಪಂಪಿನ ಶಾಖ ಹೀರಿಕೊಳ್ಳುತ್ತದೆ. ಮೆಕ್ಯಾನಿಕಲ್ ಪಂಪ್ ಕಾರಿನ ಹಿಂಬದಿಯ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ಎಳೆಯಬೇಕು. ಹೀರುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಪೈಪಿನಲ್ಲಿ ಆವಿ ತುಂಬಿದರೆ ಪಂಪ್ ಬರೀ ಆವಿಯನ್ನೇ ಹಿಸುಕುತ್ತಿರುತ್ತದೆ. ನಿಜವಾದ ವೇಪರ್ ಲಾಕ್ ಎಂದರೆ ಇದು. ಇದು ಹೆಚ್ಚಾಗಿ ಕಾಡುವುದು ಘಾಟಿ ಹತ್ತುವಾಗ, ಸಾವಕಾಶವಾಗಿ ಟ್ರಾಫಿಕ್ಕಿನಲ್ಲಿ ತೆವಳುವಾಗ. ಓಡುತ್ತಿರುವ ಗಾಡಿಯೇ ಉಸಿರು ಕಟ್ಟಿದಂತಾಗಿ ನಿಲ್ಲುತ್ತದೆ. ಪ್ಲಿಮತ್ತಿಗೆ ಆಗುತ್ತಿದ್ದುದು ಇದೇ ಇರಬೇಕು. ನಿಮ್ಮದು ಓಡುವಾಗ ನಿಂತಿಲ್ಲ, ನಿಲ್ಲಿಸಿದ ಮೇಲೆ ಎದ್ದಿಲ್ಲ. ಅದಕ್ಕೇ ಬಟ್ಟೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸೆಲ್ಫ್ ಮೋಟರಿಗೆ ಹೊದಿಕೆ ಹಾಕಿ ಎಂದವರು ಬಹುಶಃ ಷೆವರ್ಲೆ ಓಡಿಸುವವರು. ಷೆವರ್ಲೆ ಸೇರಿದ ಜನರಲ್ ಮೋಟರ್ಸ್ ಕಾರುಗಳಲ್ಲಿ, ಸೆಲ್ಫಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಸೆಲ್ಫ್ ಮೋಟರಿನ ಬೆನ್ನ ಮೇಲೇ, ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಕೂತಿರುತ್ತದೆ. ಕಾದರೆ ಕೀ ತಿರುಗಿಸಿದಾಗ ಬರೀ ‘ಟಿಕ್’ ಎನ್ನುತ್ತದೆ. ಆ ಕಾಲದ ಫೋರ್ಡ್‌ನಲ್ಲಿ ಅದು ದೂರದಲ್ಲಿ, ಬ್ಯಾಟರಿ ಹತ್ತಿರ ಒಳ ಫೆಂಡರ್ ಮೇಲೆ ಇದೆ. ನಿಮ್ಮ ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ ಎಂದು ನೀವೇ ಹೇಳಿದ್ದೀರಿ. ಹಳೇ ಅಮೆರಿಕನ್ ಕಾರುಗಳ ಬಗ್ಗೆ ಸಿಗುವ ಸಲಹೆಗಳಲ್ಲಿ ದೊಡ್ಡ ಪಾಲು ಇಂಥದ್ದು: ಸಲಹೆ ಸರಿ, ಕಾರು ಬೇರೆ.

ಕಿಡಿಯ ಕಡೆ ಒಂದು ಮಾತು. ಬಿಸಿಯಲ್ಲಿ ಕಿಡಿ ಬರದಿದ್ದರೆ ನಾನು ಮೊದಲು ಅನುಮಾನಿಸುವುದು ಕಾಯಿಲನ್ನಲ್ಲ, ಕಂಡೆನ್ಸರನ್ನು. ಹೊಸದಾಗಿ ಸಿಗುವ ಅಗ್ಗದ ಕಂಡೆನ್ಸರುಗಳು ಡಬ್ಬಿಯಿಂದ ತೆಗೆದಾಗಲೇ ಕೆಟ್ಟಿರುವುದನ್ನು ಬೇಕಾದಷ್ಟು ನೋಡಿದ್ದೇನೆ. 289ರಲ್ಲಿ, ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟಿನ ಗ್ಯಾಪ್ 0.017 ಇಂಚು, ಅದು ಮುಚ್ಚಿರುವ ಕೋನ, ಅಂದರೆ ಡ್ವೆಲ್, 26ರಿಂದ 31 ಡಿಗ್ರಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಬಹುದು, ಒಳ್ಳೆಯದೇ. ಆದರೆ ಕೀ ಆನ್ ಇಟ್ಟು ಎಂಜಿನ್ ಓಡಿಸದೆ ಹಾಡು ಕೇಳುತ್ತಾ ಕೂತರೆ ಸುಟ್ಟುಹೋಗುವ ಮಾದರಿಗಳಿವೆ. ಹಾಗಾಗಿ ಹಳೇ ಪಾಯಿಂಟ್ ಸೆಟ್ ಗ್ಲೋವ್ ಬಾಕ್ಸಿನಲ್ಲಿರಲಿ.

ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ನೋಡುವಾಗ ಒಂದು ಬಲೆ ಇದೆ. ಕ್ರ್ಯಾಂಕಿನ ಮುಂದಿರುವ ಬ್ಯಾಲೆನ್ಸರ್ ಎರಡು ಕಬ್ಬಿಣದ ಭಾಗ, ನಡುವೆ ರಬ್ಬರ್. ಅರವತ್ತು ವರ್ಷದಲ್ಲಿ ರಬ್ಬರ್ ಒಣಗಿ ಹೊರಗಿನ ಬಳೆ ಜಾರುತ್ತದೆ. ಟೈಮಿಂಗ್ ಗುರುತು ಇರುವುದು ಆ ಬಳೆಯ ಮೇಲೆ. ಬಳೆ ಜಾರಿದರೆ ಟೈಮಿಂಗ್ ಲೈಟ್ 6 ಡಿಗ್ರಿ ತೋರಿಸುತ್ತಿದ್ದರೂ ನಿಜವಾದದ್ದು ಎಲ್ಲೋ ಇರುತ್ತದೆ. ಟೈಮಿಂಗ್ ಹಿಂದೆ ಬಿದ್ದರೆ ಎಂಜಿನ್ ಅನ್ಯಾಯವಾಗಿ ಕಾಯುತ್ತದೆ, ಮುಂದೆ ಹೋದರೆ ಬಿಸಿಯಲ್ಲಿ ಸೆಲ್ಫಿಗೆ ಎದುರೊದೆಯುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ ನಿಜವಾದ ಮೇಲ್ತುದಿ ಎಲ್ಲಿದೆ ಎಂದು ಖಚಿತಮಾಡಿಕೊಳ್ಳಿ. ಫೋರ್ಡ್‌ನಲ್ಲಿ ಒಂದನೇ ಸಿಲಿಂಡರ್ ಪ್ರಯಾಣಿಕರ ಕಡೆ ಮುಂದಿನದು. ಷೆವರ್ಲೆಯಲ್ಲಿ ಡ್ರೈವರ್ ಕಡೆ. ಇದರಲ್ಲೂ ಎಡವಿದವರಿದ್ದಾರೆ. ಬ್ಯಾಲೆನ್ಸರ್ ಹೊಸದು ಬೇಕಾದರೆ 28 ಔನ್ಸ್-ಇಂಚಿನದನ್ನೇ (ಅದು ಸರಿತೂಗಿಸುವ ಭಾರದ ಅಳತೆ) ಕೇಳಿ. 80ರ ದಶಕದ 5.0 ಲೀಟರ್ ಎಂಜಿನ್ನಿನದು ನೋಡಲು ಅಣ್ಣತಮ್ಮನ ಹಾಗಿದ್ದರೂ 50 ಔನ್ಸ್‌ನದು. ಹಾಕಿದರೆ ಎಂಜಿನ್ ನಡುಗಿ ಬೇರಿಂಗ್ ತಿನ್ನುತ್ತದೆ.

ಇನ್ನು ಮುಳ್ಳಿನ ವಿಷಯ. ಟೆಂಪರೇಚರ್ ಮುಳ್ಳಿನ ಜೊತೆಗೆ ಪೆಟ್ರೋಲ್ ಮುಳ್ಳೂ ಮಿತಿ ದಾಟುತ್ತದೆ ಎಂಬ ಸಾಲು ಬರೆದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಅದು. ಈ ಎರಡೂ ಗೇಜುಗಳಿಗೆ ಬ್ಯಾಟರಿಯ 12 ವೋಲ್ಟ್ ನೇರ ಹೋಗುವುದಿಲ್ಲ. ಮೀಟರ್ ಬೋರ್ಡಿನ ಹಿಂದೆ ಬೆಂಕಿಪೊಟ್ಟಣದಷ್ಟು ಚಿಕ್ಕ ರೆಗ್ಯುಲೇಟರ್ ಇದೆ. ಅದು ಕರೆಂಟನ್ನು ಕಡಿದು ಕಡಿದು ಬಿಟ್ಟು ಸರಾಸರಿ 5 ವೋಲ್ಟಿಗೆ ಇಳಿಸುತ್ತದೆ. ಅದು ಕೆಟ್ಟರೆ, ಅಥವಾ ಅದರ ಅರ್ತ್ ಸಡಿಲವಾದರೆ, ಹೆಚ್ಚು ವೋಲ್ಟ್ ಹಾಯ್ದು ಎರಡೂ ಮುಳ್ಳು ಒಟ್ಟಿಗೆ ಮೇಲೇರುತ್ತವೆ. ಎಂಜಿನ್ ನಿಜವಾಗಿ ಕಾಯ್ದಿದ್ದರೆ ಪೆಟ್ರೋಲ್ ಮುಳ್ಳಿಗೇನು ಕೆಲಸ? ನಿಮ್ಮ ಕಾರು ಓವರ್‌ಹೀಟ್ ಆಗುತ್ತಲೇ ಇಲ್ಲದಿರಬಹುದು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ತಡೆಯುವ ವಾಲ್ವ್) ಕೂತಿರುವ ಮನೆಯ ಮೇಲೆ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಕಪ್ಪು ಟೇಪ್ ಅಂಟಿಸಿ ಅಳೆಯಿರಿ. 85ರಿಂದ 95 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಎಂಜಿನ್ ಆರೋಗ್ಯವಾಗಿದೆ. ಪರೀಕ್ಷೆಗೆಂದು ಗೇಜಿಗೆ ನೇರವಾಗಿ 12 ವೋಲ್ಟ್ ಕೊಡಬೇಡಿ, ಸುಟ್ಟುಹೋಗುತ್ತದೆ.

ಒಂದು ವೇಳೆ ಅಳತೆಯಲ್ಲೂ ಕಾಯ್ದದ್ದೇ ಹೌದಾದರೆ, ಯಾವಾಗ ಕಾಯುತ್ತದೆ ಎಂಬುದನ್ನು ನೋಡಿ. ಸಿಗ್ನಲ್‌ನಲ್ಲಿ ನಿಂತಾಗ ಕಾಯ್ದು ಹೈವೇಯಲ್ಲಿ ಇಳಿದರೆ ಗಾಳಿಯ ತೊಂದರೆ: ಫ್ಯಾನ್ ರೇಡಿಯೇಟರಿನಿಂದ ದೂರ ಇದೆ, ಅಥವಾ ಸುತ್ತಲಿನ ಶ್ರೌಡ್ ಇಲ್ಲ. ಹೈವೇಯಲ್ಲೇ ಏರಿದರೆ ನೀರಿನ ತೊಂದರೆ: ರೇಡಿಯೇಟರ್ ಕಟ್ಟಿದೆ, ಅಥವಾ ಕೆಳಗಿನ ಹೋಸ್ ಒಳಗಿನ ಸುರುಳಿ ಇಲ್ಲದೆ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತಿದೆ. ಎಂಜಿನ್ ಕಟ್ಟಿಸಿದ ದಿನದಿಂದಲೂ ಕಾಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ತಿರುಗುಮುರುಗಾಗಿರಬಹುದು. ಈ ಎಂಜಿನ್ನಿನಲ್ಲಿ ನೀರು ಹೆಡ್ಡಿಗೆ ಹತ್ತುವ ಮುಖ್ಯ ದಾರಿ ಹಿಂಬದಿಯಲ್ಲಿದೆ. ಗ್ಯಾಸ್ಕೆಟ್ ಮೇಲೆ ‘ಫ್ರಂಟ್’ ಎಂದು ಅಚ್ಚಾಗಿರುವ ತುದಿಯನ್ನು ಹಿಂದಕ್ಕೆ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ. ಥರ್ಮೋಸ್ಟ್ಯಾಟ್ ತೆಗೆದುಹಾಕಿ ಎಂದು ಊರಲ್ಲಿ ಎಲ್ಲ ಮೆಕ್ಯಾನಿಕ್‌ಗಳೂ ಹೇಳುತ್ತಾರೆ, ಇಲ್ಲೂ ಹೇಳುವವರಿದ್ದಾರೆ. ತೆಗೆಯಬೇಡಿ. ತಣ್ಣಗಿನ ಎಂಜಿನ್ ಹೆಚ್ಚು ಹೊತ್ತು ಓಡಿದರೆ ಸವೆತ ಹೆಚ್ಚು, ಮೂಲ ತೊಂದರೆ ಮಾತ್ರ ಹಾಗೇ ಇರುತ್ತದೆ.

ಓವರ್‌ಫ್ಲೋ ಎಂದು ಖಚಿತವಾದ ಮೇಲೆ ಏನು ಮಾಡಬಹುದು? ನನ್ನ ಲೆಕ್ಕದಲ್ಲಿ ಮೊದಲ ಕೆಲಸ ಕಾರ್ಬುರೇಟರಿನ ಕೆಳಗಿದೆ. ಆ ವರ್ಷಗಳ 289ರಲ್ಲಿ ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಒಂದು ಲೋಹದ ಸ್ಪೇಸರ್ ಇದೆ. ಹೀಟರಿನ ಬಿಸಿನೀರು ಅದರೊಳಗೆ ಹಾದುಹೋಗುತ್ತದೆ. ಮಿಶಿಗನ್ನಿನ ಹಿಮದಲ್ಲಿ ಕಾರ್ಬುರೇಟರ್ ಮಂಜುಗಟ್ಟದಿರಲಿ ಎಂದು ಮಾಡಿದ ಉಪಾಯ. ಫೀನಿಕ್ಸ್‌ನಲ್ಲಿ ಅದು ಕಾರ್ಬುರೇಟರಿಗೆ ಅಡಿಯಿಂದ ಒಲೆ ಹಚ್ಚಿದಂತೆಯೇ. ಅದನ್ನು ತೆಗೆದು ಶಾಖ ತಡೆಯುವ ಫೀನಾಲಿಕ್ ಸ್ಪೇಸರ್ ಹಾಕಿ, ಹೀಟರ್ ಹೋಸನ್ನು ನೇರ ಜೋಡಿಸಿ. ಹಳೆಯದರಷ್ಟೇ ದಪ್ಪದ್ದು ತನ್ನಿ, ದಪ್ಪ ಹೆಚ್ಚಾದರೆ ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೆ. ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ಕೊಂಚ ಹೆಚ್ಚು ಹೊತ್ತು ಬೇಕಾಗಬಹುದು, ಅಷ್ಟೇ ನಷ್ಟ. ಜೊತೆಗೆ ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಸೋರುತ್ತಿಲ್ಲವೇ, ಫ್ಲೋಟ್ ಮಟ್ಟ ಕೈಪಿಡಿಯಲ್ಲಿರುವಷ್ಟೇ ಇದೆಯೇ, ಪೆಟ್ರೋಲ್ ಪಂಪಿನ ಒತ್ತಡ 4ರಿಂದ 6 ಪಿಎಸ್‌ಐ ಒಳಗಿದೆಯೇ ನೋಡಿಸಿ. ಹೊಸ ಪಂಪುಗಳಲ್ಲಿ ಕೆಲವು ಇದಕ್ಕಿಂತ ಹೆಚ್ಚು ಒತ್ತಿ ನೀಡಲನ್ನೇ ತಳ್ಳಿಬಿಡುತ್ತವೆ. ಹೆಚ್ಚಿನ ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ.

ಎಲೆಕ್ಟ್ರಿಕ್ ಪಂಪ್ ನಿಜವಾದ ವೇಪರ್ ಲಾಕಿಗೆ ಮದ್ದು, ನಿಮಗೆ ಬೇಕಿಲ್ಲ. ಹಾಕಿಸಿದರೂ ಅಪಘಾತವಾದಾಗ ತಾನಾಗಿ ನಿಲ್ಲಿಸುವ ಸ್ವಿಚ್ ಇಲ್ಲದೆ ಹಾಕಿಸಬೇಡಿ. ಎಂಜಿನ್ ನಿಂತರೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಫ್ಯುಯೆಲ್ ಇಂಜೆಕ್ಷನ್ ಕೆಟ್ಟ ಆಯ್ಕೆಯೇನಲ್ಲ. ದಿನಾ ಆಫೀಸಿಗೆ ಓಡಿಸುವವರಿಗೆ ನಾನೇ ಹೇಳಿದ್ದೇನೆ. ಆದರೆ ಅದು ಒಂದು ಡಬ್ಬಿ ಕೂರಿಸಿದರೆ ಮುಗಿಯುವ ಕೆಲಸವಲ್ಲ: ಹೆಚ್ಚಿನ ಒತ್ತಡದ ಪಂಪ್, ಟ್ಯಾಂಕಿಗೆ ವಾಪಸ್ ಪೈಪ್, ಹೊಸ ವೈರಿಂಗ್, ಒಳ್ಳೆಯ ಆಲ್ಟರ್ನೇಟರ್. ಕೂಲಿ ಸೇರಿದರೆ ಸಾವಿರಾರು ಡಾಲರ್. ಟೈಮಿಂಗ್ ತಪ್ಪಿದ್ದರೆ, ವೈರಿಂಗಿನಲ್ಲಿ ಅರ್ತ್ ಸರಿಯಿಲ್ಲದಿದ್ದರೆ, ಆ ತೊಂದರೆಗಳು ಹೊಸ ಉಡುಪಿನಲ್ಲಿ ಹಾಗೇ ಉಳಿಯುತ್ತವೆ. ಮೊದಲು ಈಗಿರುವ ಕಾರನ್ನು ಸರಿಮಾಡಿ, ಆಮೇಲೂ ಆಸೆಯಿದ್ದರೆ ಹಾಕಿಸಿ.

ಸಾಮಾನು ಹುಡುಕುವ ವಿಷಯದಲ್ಲಿ ನೀವು ಅದೃಷ್ಟವಂತರು. 1966ರ ಮಾದರಿಯ ಮಸ್ಟ್ಯಾಂಗ್ 6 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದಕ್ಕೆ ಬೇಕಾದ ಬಹುತೇಕ ಎಲ್ಲವನ್ನೂ ಇವತ್ತಿಗೂ ಹೊಸದಾಗಿ ಮಾಡುತ್ತಾರೆ. ಮೇಲಾಗಿ ಮಸ್ಟ್ಯಾಂಗ್ ಹುಟ್ಟಿದ್ದೇ ಫೋರ್ಡ್ ಫಾಲ್ಕನ್ನಿನ ಅಡಿಪಾಯದ ಮೇಲೆ. ಮಸ್ಟ್ಯಾಂಗ್ ಹೆಸರಲ್ಲಿ ಸಿಗದ್ದು, ಅಥವಾ ಆ ಹೆಸರಿಗೇ ದುಬಾರಿಯಾದದ್ದು, ಫಾಲ್ಕನ್, ಫೇರ್‌ಲೇನ್, ಮರ್ಕ್ಯುರಿ ಕಾಮೆಟ್ ಹೆಸರಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುತ್ತದೆ. ಯಾವ ಸಾಮಾನು ಯಾವ ಕಾರಿಗೆ ಹೊಂದುತ್ತದೆ ಎಂದು ಹೇಳುವ ಹಾಲಂಡರ್ ಇಂಟರ್‌ಚೇಂಜ್ ಪುಸ್ತಕ ಗುಜರಿ ಅಂಗಡಿಯವರ ಬಳಿ ಇರುತ್ತಿತ್ತು, ಹಳೇ ಪ್ರತಿಗಳು ಈಗಲೂ ಸಿಗುತ್ತವೆ. ಸಿಕ್ಕರೆ ಬಿಡಬೇಡಿ.

ಫೋರ್ಡ್ ಪಾರ್ಟ್ ನಂಬರ್ ಓದುವುದನ್ನು ಕಲಿಯಲು ಅರ್ಧ ಗಂಟೆ ಸಾಕು. ‘ಸಿ6ಝಡ್‌ಝಡ್’ ಎಂದು ಶುರುವಾದರೆ ಸಿ ಎಂದರೆ 60ರ ದಶಕ, 6 ಎಂದರೆ 1966, ಮೊದಲ ಝಡ್ ಮಸ್ಟ್ಯಾಂಗ್. ನಡುವಿನ ಅಂಕಿ ಅದು ಯಾವ ವಸ್ತು ಎಂದು ಹೇಳುತ್ತದೆ: 9510 ಕಾರ್ಬುರೇಟರ್, 9350 ಪೆಟ್ರೋಲ್ ಪಂಪ್, 8501 ವಾಟರ್ ಪಂಪ್, 12127 ಡಿಸ್ಟ್ರಿಬ್ಯೂಟರ್, 6015 ಎಂಜಿನ್ ಬ್ಲಾಕ್. ಕೊನೆಯ ಅಕ್ಷರ ತಿದ್ದುಪಡಿ. ಮಾರುವವರು ಬರೀ ‘289ಕ್ಕೆ ಆಗುತ್ತೆ’ ಎಂದರೆ ಈ ನಂಬರ್ ಕೇಳಿ, ಅಥವಾ ಫೋಟೊ ಕೇಳಿ.

‘ಎನ್‌ಒಎಸ್’, ಅಂದರೆ ಬಳಸದೆ ಉಳಿದ ಆ ಕಾಲದ ಅಸಲಿ ಸಾಮಾನು ಎಂದರೆ ಜನ ಕಣ್ಣು ಮುಚ್ಚಿ ದುಡ್ಡು ಕೊಡುತ್ತಾರೆ. ಲೋಹದ್ದಾದರೆ ಕೊಡಿ: ಕ್ರೋಮ್ ಪಟ್ಟಿ, ಗೇರ್, ಡಿಸ್ಟ್ರಿಬ್ಯೂಟರ್ ಶಾಫ್ಟ್ ಇವುಗಳಲ್ಲಿ ಹಳೆಯದರ ಗುಣಮಟ್ಟ ಈಗಿನದಕ್ಕಿಲ್ಲ. ರಬ್ಬರಿನದಾದರೆ ಒಂದು ಡಾಲರಿಗೂ ಬೇಡ. ಡಬ್ಬಿಯಲ್ಲೇ ಮುದಿಯಾದ, ಎಥನಾಲ್ ಕಾಣದ ಕಾಲದ ಡಯಾಫ್ರಮ್ ಹಾಕಿದ ಪೆಟ್ರೋಲ್ ಪಂಪ್ ಬೇಗನೆ ಸೋರುತ್ತದೆ. ರಿಪೇರಿ ಮಾಡಿದ ಕಾರ್ಬುರೇಟರ್ ಕೊಳ್ಳುವಾಗ ನಿಮ್ಮ ಹಳೆಯದನ್ನು ಬದಲಿಗೆ ಕೊಡಬೇಡಿ. ನಿಮ್ಮ ಕಾರಿನ ಆಟೊಲೈಟ್ 2100ರ ಬೌಲಿನ ಪಕ್ಕದಲ್ಲಿ ವೃತ್ತದೊಳಗೆ ಒಂದು ಸಂಖ್ಯೆ ಎರಕವಾಗಿರುತ್ತದೆ. ಅದು ಗಾಳಿ ಹೋಗುವ ಗಂಟಲಿನ ಅಗಲ, ಇಂಚಿನಲ್ಲಿ; 289ಕ್ಕೆ ಸಾಮಾನ್ಯವಾಗಿ 1.08. ಬದಲಿಗೆ ಬಂದದ್ದರಲ್ಲಿ 1.14 ಅಥವಾ 1.21 ಇದ್ದರೆ ಅದು ದೊಡ್ಡ ಎಂಜಿನ್ನಿನದು. ಹೊಸದು ಕೂತು, ಓಡಿ, ಬಿಸಿಯಾಗಿ, ಮತ್ತೆ ಸ್ಟಾರ್ಟ್ ಆಗುವವರೆಗೆ ಹಳೇ ಸಾಮಾನನ್ನು ಎಸೆಯಬೇಡಿ.

ಸಂತೆಗಳಿಗೆ ಹೋಗುವ ಅಭ್ಯಾಸ ಮಾಡಿಕೊಳ್ಳಿ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ಸೇರುವ ಹಳೇ ಕಾರುಗಳ ಸಂತೆ ಎಲ್ಲ ಕಂಪನಿಗಳಿಗೂ ದೊಡ್ಡದು. ಅದೇ ರಾಜ್ಯದ ಕಾರ್ಲೈಲ್‌ನಲ್ಲಿ ಫೋರ್ಡ್‌ಗೆಂದೇ ಬೇರೆ ಸೇರುತ್ತದೆ. ಆದರೆ ನೀವು ಚಿನ್ನದ ಗಣಿಯ ಮೇಲೇ ಕೂತಿದ್ದೀರಿ. ನಮ್ಮ ಮಿಶಿಗನ್ನಿನಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳವನ್ನು ತಿಂದುಹಾಕುತ್ತದೆ. ಅರಿಜೋನಾದ ಗುಜರಿಯಲ್ಲಿ ಅರವತ್ತು ವರ್ಷದ ತಗಡು ತುಕ್ಕಿಲ್ಲದೆ ಸಿಗುತ್ತದೆ. ಬಾಗಿಲು, ಫೆಂಡರ್ ಬೇಕಾದರೆ ಹೊಸದಾಗಿ ಒತ್ತಿದ ತಗಡಿಗಿಂತ ಅಲ್ಲಿನದೇ ಚೆನ್ನಾಗಿ ಕೂರುತ್ತದೆ. ಅಲ್ಲಿನ ರಬ್ಬರ್, ಡ್ಯಾಶ್‌ಬೋರ್ಡ್, ಸೀಟು ಮಾತ್ರ ಬಿಸಿಲಿಗೆ ಸುಟ್ಟಿರುತ್ತವೆ.

ಊರಿನ ಪ್ಲಿಮತ್ ಇನ್ನೂ ಶೆಡ್ಡಿನಲ್ಲಿದ್ದರೆ ಒಂದು ಮಾತು. ಆ ಕಾಲದಲ್ಲಿ ಮುಂಬೈನ ಪ್ರೀಮಿಯರ್ ಕಂಪನಿ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಜೋಡಿಸುತ್ತಿತ್ತು. ಅವುಗಳ ಸೈಡ್ ವಾಲ್ವ್ ಆರು ಸಿಲಿಂಡರ್ ಎಂಜಿನ್ನಿನ ಬಳಗದ್ದೇ ಹಳೇ ಡಾಡ್ಜ್, ಫಾರ್ಗೊ ಲಾರಿಗಳಲ್ಲೂ ಇತ್ತು; ಸಾಮಾನು ಹುಡುಕುವಾಗ ಲಾರಿ ಗುಜರಿಯನ್ನೂ ಕೇಳಿ. 1955ರವರೆಗಿನ ಮಾದರಿಯಾದರೆ 6 ವೋಲ್ಟ್, ಬ್ಯಾಟರಿಯ ಪಾಸಿಟಿವ್ ಅರ್ತ್‌ಗೆ. ಆ ಎಂಜಿನ್ ಕಾಯುತ್ತಿದ್ದರೆ ಬ್ಲಾಕಿನ ಒಳಗೆ ಉದ್ದಕ್ಕೂ ಹಾದುಹೋಗುವ ನೀರು ಹಂಚುವ ತಗಡಿನ ಕೊಳವೆ ತುಕ್ಕು ಹಿಡಿದಿರುತ್ತದೆ. ಹಿಂದಿನ ಸಿಲಿಂಡರುಗಳಿಗೆ ನೀರೇ ತಲುಪುವುದಿಲ್ಲ.

ಕೊನೆಯದು ನಿಮ್ಮ ಕೂರದ ವಾಟರ್ ಪಂಪ್. 65ರವರೆಗೆ ಈ ಎಂಜಿನ್ನಿಗೆ ಅಲ್ಯೂಮಿನಿಯಂ ಪಂಪ್ ಬರುತ್ತಿತ್ತು, 66ಕ್ಕೆ ಎರಕದ ಕಬ್ಬಿಣದ್ದು ಬಂತು. ಮುಂದಿನ ಟೈಮಿಂಗ್ ಕವರ್, ಪುಲ್ಲಿಗಳು ಜೊತೆಯಲ್ಲೇ ಬದಲಾದವು. ನಿಮ್ಮ ಕಾರಿನಲ್ಲಿರುವ ಹಳೇ ಪಂಪಿಗೆ ಒಂದು ಆಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ನಿಮ್ಮ ಎಂಜಿನ್, ಕಡೇಪಕ್ಷ ಅದರ ಮುಖಭಾಗ, 65ರದು. ಕಾರಿನ ವಯಸ್ಸೂ ಎಂಜಿನ್ನಿನ ವಯಸ್ಸೂ ಒಂದೇ ಇರಬೇಕೆಂದಿಲ್ಲ. ಇಷ್ಟು ವರ್ಷದಲ್ಲಿ ಯಾರೋ ಬದಲಿಸಿರಬಹುದು, 302 ಎಂಜಿನ್ನೂ ಹೊರಗಿನಿಂದ ಹೀಗೇ ಕಾಣುತ್ತದೆ. ಖಚಿತವಾಗಬೇಕಾದರೆ ಸೆಲ್ಫ್ ಮೋಟರ್ ಬಿಚ್ಚಿ, ಅದರ ಹಿಂದೆ ಬ್ಲಾಕಿನ ಮೇಲಿರುವ ಎರಕದ ನಂಬರನ್ನೂ ತಾರೀಕನ್ನೂ ಓದಿ. ತಾರೀಕು ‘5ಕೆ20’ ಹೀಗಿರುತ್ತದೆ: 1965, ಅಕ್ಟೋಬರ್ 20. ತಿಂಗಳುಗಳು ಎಯಿಂದ ಎಂವರೆಗೆ, ನಡುವೆ ಐ ಅಕ್ಷರ ಬಿಟ್ಟಿದ್ದಾರೆ. ಡ್ರೈವರ್ ಬಾಗಿಲಿನ ತಗಡಿನಲ್ಲಿರುವ ಕಾರಿನ ತಾರೀಕಿಗಿಂತ ಇದು ಕೆಲವು ವಾರ ಹಿಂದಿದ್ದರೆ ಎಂಜಿನ್ ಅಸಲಿ. ಥರ್ಮಾಮೀಟರಿನಲ್ಲಿ ಬಿಸಿ ಸರಿಯಾಗಿದ್ದು, ಹಳೇ ಪಂಪ್ ಸೋರದೆ, ಶಬ್ದ ಮಾಡದೆ ಇದ್ದರೆ ಹೊಸ ಪಂಪೇ ಬೇಡ. ವಾಪಸ್ ತಗೊಳ್ಳುವ ಗಡುವು ಮುಗಿಯುವ ಮುಂಚೆ ಕಳಿಸಿಬಿಡಿ.